ದನಿ ಮರಳುವ ಮೊದಲಿನ ಎರಡು ವಾರ

2022ರ ಮೇ ತಿಂಗಳ ಕೊನೆಯ ವಾರ. ಮಾತನಾಡುವಾಗ ದನಿ ತುಂಡಾಗುವ ಕಾಯಿಲೆಗೆಂದು ಗಂಟಲಿಗೆ ಮೊದಲ ಬೋಟಾಕ್ಸ್ ಇಂಜೆಕ್ಷನ್ ಮಾಡಿಸಿಕೊಂಡು ಬೆಂಗಳೂರಿನಿಂದ ಶಿರಸಿಗೆ ಮರಳಿ ಮೂರು ದಿನವಾಗಿತ್ತು. ಅಂದು ಮಧ್ಯಾಹ್ನದ ಊಟಕ್ಕೆ ಅತ್ತೆಯವರು ಅಪ್ಪೆಹುಳಿ ಮಾಡಿದ್ದರು. ನಮ್ಮ ಮನೆಯಲ್ಲಿ ಅದನ್ನು ಅನ್ನಕ್ಕೆ ಕಲಸಿಕೊಳ್ಳುವುದಕ್ಕಿಂತ ಲೋಟಕ್ಕೆ ಹಾಕಿಸಿಕೊಂಡು ಕುಡಿಯುವುದೇ ಹೆಚ್ಚು. ನಾನು ಎಂದಿನಂತೆ ಲೋಟವನ್ನು ಎತ್ತಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ತುಟಿಗೆ ತಾಗದಂತೆ ಬಾಯಿಗೆ ಸುರಿದುಕೊಂಡೆ. ಎರಡನೆಯ ಗುಟುಕು ಅನ್ನನಾಳವನ್ನು ಬಿಟ್ಟು ಶ್ವಾಸನಾಳದ ದಾರಿ ಹಿಡಿಯಿತು. ಮಾವಿನಕಾಯಿಯ ಹುಳಿಯೂ ಒಗ್ಗರಣೆಯ ಮೆಣಸಿನ ಖಾರವೂ ಒಟ್ಟಿಗೆ ಎದೆಯೊಳಗೆ ಇಳಿದಂತಾಯಿತು. ಕೆಮ್ಮಿ ಹೊರಹಾಕಬೇಕೆಂದರೆ ಕೆಮ್ಮೇ ಬರಲಿಲ್ಲ. ತೂತುಬಿದ್ದ ತಿದಿಯಿಂದ ಗಾಳಿ ಹೊರಟಂತಹ ಸದ್ದೊಂದು ಬಂತು, ಅಷ್ಟೇ. ಮಗ ಓಡಿಬಂದು ಬೆನ್ನು ತಟ್ಟಿದ. ಅತ್ತೆಯವರು “ಎಂತಾತೇ?” ಎನ್ನುತ್ತಲೇ ನೀರಿನ ಚೊಂಬನ್ನು ಕೈಗೆ ಕೊಟ್ಟರು. ಆಗ ನೀರು ಕುಡಿಯಬಾರದು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕುಡಿದೆ. ಅದೂ ಅದೇ ದಾರಿ ಹಿಡಿಯಿತು.

ಇಂಜೆಕ್ಷನ್ ಕೊಡುವ ಮುನ್ನ ನನ್ನಿಂದ ಸಹಿ ಹಾಕಿಸಿಕೊಂಡ ಇಂಗ್ಲಿಷ್ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲು ಇತ್ತು: ಕೆಲವು ದಿನ ದನಿ ಗಾಳಿಗಾಳಿಯಾಗಬಹುದು, ನುಂಗುವಾಗ ಸ್ವಲ್ಪ ತೊಂದರೆಯಾಗಬಹುದು. ಸಾಲು ಸುಳ್ಳಲ್ಲ. ಆದರೆ ‘ಸ್ವಲ್ಪ ತೊಂದರೆ’ ಎಂಬ ಎರಡು ಪದಗಳ ಒಳಗೆ ನಮ್ಮ ಮನೆಯ ಅಪ್ಪೆಹುಳಿ, ತಂಬುಳಿ, ಮಜ್ಜಿಗೆ, ಬೆಳಗಿನ ಕಷಾಯ, ದೇವಸ್ಥಾನದ ತೀರ್ಥ ಎಲ್ಲವೂ ಅಡಗಿವೆ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಅದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಈ ಚಿಕಿತ್ಸೆಯನ್ನು ಯಾರಾದರೂ ಬಿಡಲಿ ಎಂಬ ಉದ್ದೇಶ ನನಗಿಲ್ಲ. ನಾನು ಈವರೆಗೆ ಒಂಬತ್ತು ಸಲ ಮಾಡಿಸಿಕೊಂಡಿದ್ದೇನೆ, ಹತ್ತನೆಯದಕ್ಕೂ ಹೊರಟಿದ್ದೇನೆ.

ನನ್ನದು ಅಡಿಕೆ ವಹಿವಾಟಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ. ದಿನದ ಟೆಂಡರ್ ಮುಗಿದ ಮೇಲೆ ಬೆಳೆಗಾರರಿಗೆ ಫೋನ್ ಮಾಡಿ ಅವರ ಮಾಲಿಗೆ ಬಂದ ದರವನ್ನು ತಿಳಿಸಿ, ಕೊಡುತ್ತೀರೋ ಇಡುತ್ತೀರೋ ಎಂದು ಕೇಳಿ ಬರೆದುಕೊಳ್ಳಬೇಕು. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವಳಿಗೆ 2018ರ ಚಳಿಗಾಲದಲ್ಲಿ ಫೋನಿನಲ್ಲಿ ದನಿ ಕಚ್ಚಿಕೊಳ್ಳತೊಡಗಿತು. ಮಾತಿನ ನಡುವೆ ಯಾರೋ ಗಂಟಲನ್ನು ಹಿಚುಕಿ ಬಿಟ್ಟಂತೆ ಪದಗಳು ತುಂಡಾಗುತ್ತಿದ್ದವು. ವಿಚಿತ್ರವೆಂದರೆ ಎಲ್ಲ ಪದಗಳೂ ತುಂಡಾಗುತ್ತಿರಲಿಲ್ಲ. ಅಡಿಕೆಯ ಬಗೆಗಳ ಹೆಸರುಗಳಲ್ಲಿ ಕೋಕಾ, ಕೆಂಪುಗೋಟು, ಚಾಲಿ ಇವು ಹೇಗೋ ದಾಟಿ ಬರುತ್ತಿದ್ದವು. ರಾಶಿ, ಬೆಟ್ಟೆ, ಬಿಳಿಗೋಟು ಎನ್ನುವಾಗ ಕಷ್ಟವಾಗುತ್ತಿತ್ತು. ‘ಅಡಿಕೆ’ ಎನ್ನಲು ಹೊರಟರೆ ಮೊದಲ ಅಕ್ಷರದಲ್ಲಿಯೇ ಬಾಗಿಲು ಮುಚ್ಚುತ್ತಿತ್ತು. ಗುಸುಗುಟ್ಟಿದರೆ ಸಲೀಸು. ನಕ್ಕರೆ, ಅತ್ತರೆ, ಭಜನೆಯಲ್ಲಿ ದನಿ ಸೇರಿಸಿದರೆ ಏನೂ ತೊಂದರೆಯಿಲ್ಲ. ಹಾಡಲು ಬರುತ್ತದೆ, ಮಾತನಾಡಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ?

ಇದಕ್ಕೆ ಕಾರಣವಿದೆ ಎಂದು ತಿಳಿದದ್ದು ನಾಲ್ಕು ವರ್ಷದ ನಂತರ. ಸ್ಪಾಸ್ಮೋಡಿಕ್ ಡಿಸ್ಫೋನಿಯಾ ಎಂಬ ಈ ತೊಂದರೆಯ ಹೆಚ್ಚು ಸಾಮಾನ್ಯವಾದ ಬಗೆಯಲ್ಲಿ, ಮಾತಿಗೆ ಹೊರಟ ಕೂಡಲೇ ಧ್ವನಿತಂತುಗಳು ಸೆಳೆತಕ್ಕೆ ಸಿಕ್ಕಿ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತವೆ. ತಂತುಗಳು ಕಂಪಿಸಲೇಬೇಕಾದ ಅಕ್ಷರಗಳು, ಅದರಲ್ಲಿಯೂ ಪದದ ಮೊದಲಿಗೆ ಬರುವ ಸ್ವರಗಳು, ಈ ಸೆಳೆತಕ್ಕೆ ಸುಲಭವಾಗಿ ತುತ್ತಾಗುತ್ತವೆ. ಕ, ಚ, ಪ, ಸ, ಹ ಇವುಗಳನ್ನು ಉಚ್ಚರಿಸುವಾಗ ತಂತುಗಳು ಬಿಟ್ಟುಕೊಂಡಿರುತ್ತವೆಯಾದ್ದರಿಂದ ಅಲ್ಲಿಂದ ಆರಂಭವಾಗುವ ಪದಗಳಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಕನ್ನಡದಲ್ಲಿ ಮನೆಯವರನ್ನು ಕರೆಯುವ ಪದಗಳನ್ನೊಮ್ಮೆ ನೆನಪಿಸಿಕೊಳ್ಳಿ: ಅಮ್ಮ, ಅಪ್ಪ, ಅಜ್ಜ, ಅಣ್ಣ, ಅಕ್ಕ, ಅತ್ತೆ, ನಮ್ಮ ಕಡೆಯ ಆಯಿ, ಅಪ್ಪಯ್ಯ. ಎಲ್ಲವೂ ಸ್ವರದಿಂದಲೇ ಆರಂಭ. ನಾನು ಕೂಗಿ ಕರೆಯಬೇಕಾದ ಪ್ರತಿಯೊಬ್ಬರ ಹೆಸರೂ ಗಂಟಲಿನಲ್ಲಿಯೇ ನಿಲ್ಲುತ್ತಿತ್ತು. ಕಿವಿ ಮಂದವಾಗಿದ್ದ ಅಪ್ಪಯ್ಯ ಫೋನಿನಲ್ಲಿ ನನ್ನ ದನಿ ಕೇಳಿ, ಮಗಳು ಅಳುತ್ತಿದ್ದಾಳೆಂದು ತಿಳಿದು, ಮರುದಿನ ಮೊದಲ ಬಸ್ಸಿಗೆ ಯಲ್ಲಾಪುರದಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಆ ನಾಲ್ಕು ವರ್ಷಗಳಲ್ಲಿ ಜ್ಯೇಷ್ಠಮಧು ಅಗಿದೆ, ಕಾಳುಮೆಣಸಿನ ಕಷಾಯ ಕುಡಿದೆ, ಹೊಟ್ಟೆಯ ಆಮ್ಲಕ್ಕೆ ಮಾತ್ರೆ ನುಂಗಿದೆ, ಮಾರಿಕಾಂಬೆಗೆ ಹರಕೆ ಹೊತ್ತೆ. ಒಬ್ಬ ವೈದ್ಯರು ಇದು ಮನಸ್ಸಿನ ಒತ್ತಡ, ರಜೆ ಹಾಕಿ ಎಂದರು. ಅವರೊಬ್ಬರನ್ನೇ ದೂರಲಾರೆ. ಜರ್ಮನಿಯ ಲುಡ್ವಿಗ್ ಟ್ರೌಬೆ ಎಂಬ ವೈದ್ಯ ಇಂತಹ ದನಿಯನ್ನು 1871ರಲ್ಲಿಯೇ ವಿವರಿಸಿದ್ದರೂ, ಮುಂದೆ ಸುಮಾರು ನೂರು ವರ್ಷ ವೈದ್ಯಲೋಕವೇ ಇದನ್ನು ಮನಸ್ಸಿನ ಕಾಯಿಲೆ ಎಂದೇ ಬಹುಮಟ್ಟಿಗೆ ನಂಬಿಕೊಂಡಿತ್ತು. ಇದು ಮೆದುಳಿನಿಂದ ಸ್ನಾಯುಗಳಿಗೆ ಹೋಗುವ ಆದೇಶದ ದೋಷ, ಬರೆಯುವವರ ಕೈ ಸೆಟೆದುಕೊಳ್ಳುವುದಕ್ಕೆ ಹತ್ತಿರದ ಸಂಬಂಧಿ ಎಂಬುದು ಸ್ಪಷ್ಟವಾದದ್ದು ಇತ್ತೀಚೆಗೆ. 1984ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬ್ಲಿಟ್ಜರ್ ಇಂತಹ ಗಂಟಲಿಗೆ ಮೊದಲ ಬಾರಿ ಬೊಟುಲಿನಮ್ ವಿಷವನ್ನು, ಅಂದರೆ ಈಗ ಬೋಟಾಕ್ಸ್ ಎಂದು ಕರೆಯುವುದನ್ನು, ಚುಚ್ಚಿದರು. ಅದಕ್ಕೆ ಕೆಲವು ವರ್ಷ ಮೊದಲು ಅಲನ್ ಸ್ಕಾಟ್ ಎಂಬ ಕಣ್ಣಿನ ವೈದ್ಯರು ಮೆಳ್ಳೆಗಣ್ಣಿಗೆ ಅದನ್ನು ಬಳಸಿ ದಾರಿ ತೋರಿಸಿದ್ದರು. ಹಾಳಾದ ಆಹಾರದಲ್ಲಿ ಬೆಳೆದು ಜನರನ್ನು ಕೊಲ್ಲುತ್ತಿದ್ದ ವಿಷವೇ ಇದು. ಹಾಗೆಂದು ಮಗ ಓದಿ ಹೇಳಿದಾಗ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದು, “ಎಷ್ಟು ಹಾಕ್ತ್ರಡ?” ಎಂದು ಮಾತ್ರ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಒಂದು ಸೀಸೆಯಲ್ಲಿ ನೂರು ಯೂನಿಟ್ ಇದ್ದರೆ ಹುಬ್ಬುಗಳ ನಡುವಿನ ಗೆರೆ ಹೋಗಿಸಲು ಸಾಮಾನ್ಯವಾಗಿ ಇಪ್ಪತ್ತು ಬಳಸುತ್ತಾರೆ. ನನ್ನ ಗಂಟಲಿಗೆ ಮೊದಲ ಸಲ ಹಾಕಿದ್ದು ಒಂದೊಂದು ಬದಿಗೆ 2.5.

ಚುಚ್ಚುವ ಕ್ರಮವನ್ನು ಇಲ್ಲಿ ಹೇಳಬೇಕು, ಏಕೆಂದರೆ ಹೋಗುವ ಮೊದಲು ನನಗೆ ಹೆಚ್ಚು ಹೆದರಿಕೆ ಇದ್ದದ್ದು ಅದರ ಬಗ್ಗೆಯೇ. ಒರಗುವ ಕುರ್ಚಿಯಲ್ಲಿ ಕುತ್ತಿಗೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಗದ್ದವನ್ನು ಮೇಲಕ್ಕೆ ಎತ್ತಿಸುತ್ತಾರೆ. ಗಂಟಲಿನ ಉಬ್ಬಿನ ಕೆಳಗೆ, ಬೆರಳಿಟ್ಟರೆ ಸಿಗುವ ಸಣ್ಣ ತಗ್ಗಿನಲ್ಲಿ ಸೂಜಿ ಒಳಗೆ ಹೋಗುತ್ತದೆ. ಆ ಸೂಜಿಗೆ ವಯರು ಸೇರಿಸಿ ಸ್ನಾಯುವಿನ ವಿದ್ಯುತ್ತನ್ನು ಸದ್ದಾಗಿ ಕೇಳಿಸುವ ಯಂತ್ರಕ್ಕೆ ಜೋಡಿಸಿರುತ್ತಾರೆ. ಸೂಜಿ ಸುಮ್ಮನೆ ಇದ್ದಾಗ ಯಂತ್ರ ಸಣ್ಣಗೆ ಗೊಣಗುತ್ತಿತ್ತು. ವೈದ್ಯರು “ಈ... ಅನ್ನಿ” ಎಂದರು. ನಾನು ಈ ಎಂದ ಕೂಡಲೇ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಎಂಬ ಸದ್ದು ಕೋಣೆಯನ್ನೆಲ್ಲ ತುಂಬಿತು. ಸೂಜಿ ಸರಿಯಾದ ಸ್ನಾಯುವಿನೊಳಗೆ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಒಂದು ಕ್ಷಣ ಒತ್ತಿದಂತಾಗಿ ಕೆಮ್ಮು ಬಂತು. ಮತ್ತೊಂದು ಬದಿಗೂ ಹಾಗೆಯೇ. ಹತ್ತು ನಿಮಿಷದಲ್ಲಿ ಎಲ್ಲ ಮುಗಿದು, ಕುತ್ತಿಗೆಯ ಮೇಲೆ ಒಂದು ಚಿಕ್ಕ ಪಟ್ಟಿ ಉಳಿಯಿತು. ನೋವು ಮರುದಿನಕ್ಕೆ ಮರೆತೇಹೋಯಿತು. ನಾನು ಹೆದರಿದ್ದು ಹೆದರಬೇಕಾಗಿಲ್ಲದ ಕಡೆಗೆ.

ಔಷಧ ಕೆಲಸಕ್ಕೆ ತೊಡಗುವುದು ಒಂದೆರಡು ದಿನ ಕಳೆದ ಮೇಲೆ. ನರದ ತುದಿ ಸ್ನಾಯುವಿಗೆ ‘ಬಿಗಿ’ ಎಂದು ಹೇಳಲು ಬಿಡುಗಡೆ ಮಾಡುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಅದು ಹೊರಬರದಂತೆ ತಡೆಯುತ್ತದೆ. ಸ್ನಾಯು ಸಡಿಲವಾಗುತ್ತದೆ. ಆದರೆ ಈ ಧ್ವನಿತಂತುಗಳಿಗೆ ಇರುವುದು ಒಂದೇ ಕೆಲಸವಲ್ಲ. ಉಸಿರಾಡುವಾಗ ತೆರೆದಿರಬೇಕು, ಮಾತನಾಡುವಾಗ ಹತ್ತಿರ ಬಂದು ಕಂಪಿಸಬೇಕು, ನುಂಗುವಾಗ ಗಟ್ಟಿಯಾಗಿ ಮುಚ್ಚಿಕೊಂಡು ಶ್ವಾಸದ ದಾರಿಯನ್ನು ಕಾಯಬೇಕು. ಸೆಳೆತವನ್ನು ಬಿಡಿಸಲೆಂದು ಮುಚ್ಚುವ ಶಕ್ತಿಯನ್ನು ತಗ್ಗಿಸಿದರೆ ಕಾವಲಿನ ಶಕ್ತಿಯೂ ತಗ್ಗುತ್ತದೆ. ಅಂದರೆ ನನ್ನ ಅಪ್ಪೆಹುಳಿ ತಪ್ಪು ದಾರಿ ಹಿಡಿದದ್ದು ಔಷಧ ಕೆಟ್ಟದ್ದರಿಂದಾಗಲೀ ಸೂಜಿ ತಪ್ಪಿದ್ದರಿಂದಾಗಲೀ ಅಲ್ಲ. ನನಗೆ ದನಿ ಕೊಡಬೇಕಾದ ಸಡಿಲಿಕೆಯೇ ಅದನ್ನೂ ಮಾಡಿತು. ಅಡ್ಡಪರಿಣಾಮ ಎಂಬ ಪದ ಈ ವಿಷಯದಲ್ಲಿ ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸುವುದು ಇದಕ್ಕಾಗಿಯೇ. ಅಡ್ಡ ಎಂದಾಗ ಅದು ಎಲ್ಲಿಂದಲೋ ನುಸುಳಿ ಬಂದದ್ದು, ಆದರೂ ಆಗಬಹುದು, ಆಗದೆಯೂ ಇರಬಹುದು ಎಂಬ ಭಾವನೆ ಬರುತ್ತದೆ. ಇಲ್ಲಿ ಅದು ಪರಿಣಾಮದ ಮೊದಲ ಭಾಗವೇ ಆಗಿದೆ. ಅದನ್ನು ದಾಟಿಕೊಂಡೇ ಎರಡನೆಯ ಭಾಗಕ್ಕೆ ಹೋಗಬೇಕು ಎಂದು ಮೊದಲೇ ತಿಳಿಸಿದ್ದರೆ ಆ ಎರಡು ವಾರವನ್ನು ನಾನು ಬೇರೆ ರೀತಿಯಲ್ಲಿ ಕಳೆಯುತ್ತಿದ್ದೆ.

ಮೂರನೆಯ ದಿನದಿಂದ ನನ್ನ ದನಿ ಗಾಳಿಯಾಯಿತು. ಸೆಳೆತ ಇರಲಿಲ್ಲ, ಆದರೆ ‘ಅಡಿಕೆ’ ಎಂದರೆ ‘ಹಡಿಕೆ’ ಎಂದು ಕೇಳುತ್ತಿತ್ತು. ತಂತುಗಳು ಸೇರದೆ ಇರುವುದರಿಂದ ಉಸಿರೆಲ್ಲ ಸೋರಿಹೋಗಿ, ನಾಲ್ಕು ಪದಕ್ಕೊಮ್ಮೆ ನಿಂತು ಗಾಳಿ ಎಳೆದುಕೊಳ್ಳಬೇಕಾಗುತ್ತಿತ್ತು. ಹೆಚ್ಚು ಮಾತನಾಡಿದರೆ ತಲೆ ತಿರುಗುತ್ತಿತ್ತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಶಿರಸಿಯ ಮಳೆ ಹಂಚಿನ ಮೇಲೆ ಬೀಳುವ ಸದ್ದಿನಲ್ಲಿ ಗಟ್ಟಿ ದನಿಯವರ ಮಾತೇ ಕೇಳುವುದಿಲ್ಲ, ನನ್ನದೆಲ್ಲಿ ಕೇಳಬೇಕು? ಅಡುಗೆಮನೆಯಿಂದ ಜಗುಲಿಗೆ ಕರೆಯಲು ಪಾತ್ರೆಯನ್ನು ಸೌಟಿನಿಂದ ಬಡಿಯುತ್ತಿದ್ದೆ. ಇನ್ನೊಂದು ಸಂಗತಿ ನಾನು ಎಂದೂ ಊಹಿಸಿರಲಿಲ್ಲ. ಬಾವಿಯಿಂದ ತುಂಬಿದ ಕೊಡಪಾನ ಎತ್ತಲು ಹೋದಾಗ ಕೈಯಲ್ಲಿ ಬಲವಿದ್ದರೂ ಎತ್ತಲಾಗಲಿಲ್ಲ. ಭಾರ ಎತ್ತುವಾಗ ನಾವು ಅರಿವಿಲ್ಲದೆಯೇ ಉಸಿರನ್ನು ಗಂಟಲಿನಲ್ಲಿ ತಡೆದು ಎದೆಯನ್ನು ಗಟ್ಟಿ ಮಾಡಿಕೊಳ್ಳುತ್ತೇವೆ. ತಡೆಯುವ ಬಾಗಿಲೇ ಸಡಿಲವಾದಾಗ ಬಲವೆಲ್ಲ ಉಸಿರಿನೊಂದಿಗೆ ಹೊರಟುಹೋಗುತ್ತದೆ. ಇದಕ್ಕೆ ಹೆದರಬೇಕಾದ್ದಿಲ್ಲ, ಆದರೆ ಗೊತ್ತಿರಬೇಕು. ಗೊತ್ತಿಲ್ಲದ ನಾನು ಅಂದು ಬಾವಿಕಟ್ಟೆಯ ಮೇಲೆ ಕುಳಿತು, ಔಷಧ ಮೈಗೆಲ್ಲ ಏರಿತೆಂದು ತಿಳಿದು ನಡುಗಿದೆ.

ಆ ದಿನಗಳಲ್ಲಿ ನನ್ನೊಡನೆ ಮಾತನಾಡುವವರೂ ದನಿ ತಗ್ಗಿಸುತ್ತಿದ್ದರು. ನಾನು ಗುಟ್ಟು ಹೇಳುತ್ತಿದ್ದೇನೆ ಎಂಬಂತೆ ಅವರೂ ಪಿಸುಗುಟ್ಟುತ್ತಿದ್ದರು, ಅಂಗಡಿಯವನು ಕೂಡ. ಸಾವಿನ ಮನೆಯಲ್ಲಿ ಇದ್ದಂತೆ ಅನ್ನಿಸುತ್ತಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ನಮಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಊಟದ ವಿಷಯವನ್ನು ಸರಿಪಡಿಸಿದವರು ಇಬ್ಬರು. ಒಬ್ಬರು ಸ್ಪೀಚ್ ಥೆರಪಿಸ್ಟ್. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಬಂದ ಹುಡುಗಿ. ವೀಡಿಯೊ ಕರೆಯಲ್ಲಿ ಆಕೆ ಮೊದಲು ಕೇಳಿದ್ದೇ “ನೀವು ನೀರನ್ನು ಹೇಗೆ ಕುಡಿಯುತ್ತೀರಿ, ತೋರಿಸಿ” ಎಂದು. ನಾನು ಚೊಂಬನ್ನು ಎತ್ತಿದ ಕೂಡಲೇ ತಡೆದರು. ತಲೆಯನ್ನು ಹಿಂದಕ್ಕೆ ಬಾಗಿಸಿ ಮೇಲಿನಿಂದ ಸುರಿದುಕೊಂಡರೆ ನೀರು ವೇಗವಾಗಿ ಇಳಿಯುತ್ತದೆ, ಶ್ವಾಸನಾಳದ ದಾರಿಯೂ ತೆರೆದುಕೊಳ್ಳುತ್ತದೆ; ಸಡಿಲವಾದ ಗಂಟಲಿಗೆ ಇದಕ್ಕಿಂತ ಕೆಟ್ಟ ಭಂಗಿ ಇಲ್ಲ. ಗದ್ದವನ್ನು ಎದೆಯ ಕಡೆಗೆ ತಂದುಕೊಂಡು, ಲೋಟವನ್ನು ಕಚ್ಚಿ, ಒಂದು ಸಲಕ್ಕೆ ಒಂದು ಚಮಚದಷ್ಟನ್ನು ಬಾಯಿಗೆ ತೆಗೆದುಕೊಂಡು, ನಿಲ್ಲಿಸಿ, ನುಂಗಬೇಕು. ಊಟದ ನಡುವೆ ಮಾತು ಬೇಡ. ಎತ್ತಿ ಕುಡಿಯುವುದನ್ನೇ ಮಡಿ ಎಂದು ಕಲಿತು ಬೆಳೆದ ಮನೆಯಲ್ಲಿ ಕಚ್ಚಿ ಕುಡಿಯುವುದು ಸಣ್ಣ ವಿಷಯವಾಗಿರಲಿಲ್ಲ. ಎಂಜಲು ಎಂಬ ಮಾತನ್ನು ಯಾರಾದರೂ ಆಡುವ ಮೊದಲೇ ಅತ್ತೆಯವರು ಅಟ್ಟದಿಂದ ಒಂದು ಹಳೆಯ ಬೆಳ್ಳಿಯ ಲೋಟ ತಂದು, ಹುಣಸೆಹಣ್ಣು ಹಾಕಿ ತಿಕ್ಕಿ, “ಇದು ನಿಂಗೇ” ಎಂದು ನನ್ನ ಮುಂದೆ ಇಟ್ಟರು.

ಎರಡನೆಯವರು ಅವರೇ. ತೆಳುವಾದದ್ದು ಬೇಗ ಓಡುತ್ತದೆ, ದಪ್ಪನೆಯದು ನಿಧಾನ ಜಾರುತ್ತದೆ, ನಿಧಾನ ಜಾರುವುದನ್ನು ನಿನ್ನ ಗಂಟಲು ತಡೆದು ಕಳುಹಿಸಬಲ್ಲದು ಎಂದು ಥೆರಪಿಸ್ಟ್ ಹೇಳಿದ್ದನ್ನು ಅವರು ತಮ್ಮದೇ ರೀತಿಯಲ್ಲಿ ಹಿಡಿದುಕೊಂಡರು. ಪ್ರತಿಯೊಂದು ಅಡುಗೆಯನ್ನೂ ಸೌಟಿನಲ್ಲಿ ತೆಗೆದು ಓರೆ ಮಾಡಿ, ಧಾರೆಯಾಗಿ ಬೀಳುತ್ತದೆಯೋ ಮುದ್ದೆಯಾಗಿ ಜಾರುತ್ತದೆಯೋ ಎಂದು ನೋಡುತ್ತಿದ್ದರು. ಧಾರೆಯಾಗಿ ಬಿದ್ದದ್ದು ನನಗಿಲ್ಲ. ತಿಳಿಸಾರು, ಅಪ್ಪೆಹುಳಿ, ನೀರುಮಜ್ಜಿಗೆ, ಮುರುಗಲು ಹಣ್ಣಿನ ಪಾನಕ ಹೊರಗೆ ಹೋದವು. ಬೇಯಿಸಿ ಮಸೆದ ಗಂಜಿ, ಗಟ್ಟಿ ಮೊಸರು, ಬಾಳೆಹಣ್ಣು, ಹಾಲುಬಾಯಿ ಒಳಗೆ ಬಂದವು. ಸಾರನ್ನದಲ್ಲಿ ನೀರು ಬೇರೆ, ಅಗುಳು ಬೇರೆಯಾಗಿರುವುದರಿಂದ ಅದು ಬರಿಯ ನೀರಿಗಿಂತಲೂ ತ್ರಾಸು ಕೊಡುತ್ತದೆ ಎಂಬುದನ್ನು ಅವರೇ ಎರಡು ದಿನ ನನ್ನನ್ನು ಗಮನಿಸಿ ಕಂಡುಹಿಡಿದರು. ಕಷಾಯಕ್ಕೆ ಅಕ್ಕಿಹಿಟ್ಟು ಕದಡಿ ಕುದಿಸಿ ದಪ್ಪ ಮಾಡಿದರು. ರುಚಿ ಚೆನ್ನಾಗಿರಲಿಲ್ಲ, ಆದರೂ ಬೆಳಗಿನ ಕಷಾಯ ತಪ್ಪಲಿಲ್ಲ. ಒಂಬತ್ತನೆಯ ದಿನಕ್ಕೆ ನೀರು ಸಲೀಸಾಯಿತು. ಸಾಮಾನ್ಯವಾಗಿ ಈ ತೊಂದರೆ ಕೆಲವು ದಿನದಿಂದ ಎರಡು ವಾರದೊಳಗೆ ಇಳಿಯುತ್ತದೆ.

ಹದಿನೇಳನೆಯ ದಿನ ಸಂಘದಲ್ಲಿ ಕುಳಿತು ಸಿದ್ದಾಪುರದ ಬೆಳೆಗಾರರೊಬ್ಬರಿಗೆ ಫೋನ್ ಮಾಡಿ “ಅಡಿಕೆ ದರ ಬಂದಿದೆ” ಎಂದೆ. ಮೂರೂ ಪದಗಳು ಇಡಿಯಾಗಿ ಬಂದವು. ಅವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ದರ ಕಡಿಮೆಯಾಯಿತೆಂದು ಬೇಸರಿಸಿ ಫೋನ್ ಇಟ್ಟರು. ನಾನು ರಿಸೀವರ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕುಳಿತಿದ್ದೆ. ಆ ಸಂಜೆ ಯಲ್ಲಾಪುರಕ್ಕೆ ಫೋನ್ ಮಾಡಿ ಅಪ್ಪಯ್ಯನನ್ನು ಅಪ್ಪಯ್ಯ ಎಂದು ಕರೆದೆ.

ಅಲ್ಲಿಂದ ಸುಮಾರು ಎರಡೂವರೆ ತಿಂಗಳು ದನಿ ನನ್ನದು. ಆಮೇಲೆ ನರದ ತುದಿಗಳು ಚೇತರಿಸಿಕೊಂಡಂತೆ ಸೆಳೆತವೂ ಮೆಲ್ಲನೆ ಮರಳುತ್ತದೆ, ಮತ್ತೆ ಬಸ್ಸು ಹತ್ತಬೇಕು. ಎರಡನೆಯ ಸಲ ಹೋಗುವಾಗ ಒಂದು ನೋಟ್‌ಬುಕ್ ಒಯ್ದಿದ್ದೆ: ಯಾವ ದಿನ ದನಿ ಗಾಳಿಯಾಯಿತು, ಯಾವುದು ಕುಡಿದಾಗ ಕೆಮ್ಮು ಬಂತು, ಯಾವ ದಿನ ಫೋನಿನಲ್ಲಿ ಮಾತನಾಡಿದೆ, ಯಾವ ದಿನ ಮೊದಲ ಬಾರಿ ಮತ್ತೆ ಕಚ್ಚಿಕೊಂಡಿತು. ವೈದ್ಯರು ಅದನ್ನು ಪೂರ್ತಿ ಓದಿ, ಪ್ರಮಾಣವನ್ನು ಒಂದೊಂದು ಬದಿಗೆ 1.5 ಯೂನಿಟ್‌ಗೆ ಇಳಿಸಿದರು. ಈ ಪ್ರಮಾಣಕ್ಕೆ ಮೈತೂಕದ ಲೆಕ್ಕವಿಲ್ಲ, ಪ್ರತಿ ಗಂಟಲಿಗೂ ಅದರದೇ ಹದ. ಅದನ್ನು ತಿಳಿಯುವುದು ಮೊದಲ ಎರಡು ಮೂರು ಸಲದ ಅನುಭವದಿಂದಲೇ. ಕಡಿಮೆ ಮಾಡಿದಾಗ ಗಾಳಿಯ ದಿನಗಳು ಐದಕ್ಕೆ ಇಳಿದವು, ನುಂಗುವ ತೊಂದರೆ ಎರಡೇ ದಿನ ಇತ್ತು. ಆದರೆ ಒಳ್ಳೆಯ ದಿನಗಳೂ ಎರಡು ವಾರ ಕಡಿಮೆಯಾದವು. ಈಗ ಕಾಲ ನೋಡಿ ನಾವೇ ಆಯ್ದುಕೊಳ್ಳುತ್ತೇವೆ. ಚಾಲಿ ಮಾರುಕಟ್ಟೆಗೆ ಹರಿದುಬರುವ ಬೇಸಿಗೆಯಲ್ಲಿ ದನಿ ಪೂರ್ತಿ ಕೈಗೆ ಸಿಗುವಂತೆ ಜನವರಿಯಲ್ಲಿ ಒಂದು; ಹೊರಗೆ ಹೋಗದ ಮಳೆಗಾಲದಲ್ಲಿ ಹೆಚ್ಚು ಪ್ರಮಾಣದ ಒಂದು, ಏಕೆಂದರೆ ಆಗ ಹೇಗಿದ್ದರೂ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಬೇಗ ಬೇಗ ಮಾಡಿಸಿಕೊಳ್ಳೋಣವೆಂದರೆ ಆಗದು; ಮೈ ಈ ಔಷಧಕ್ಕೆ ಪ್ರತಿರೋಧ ಬೆಳೆಸಿಕೊಳ್ಳದಿರಲಿ ಎಂದು ಎರಡು ಇಂಜೆಕ್ಷನ್‌ಗಳ ನಡುವೆ ಸುಮಾರು ಮೂರು ತಿಂಗಳ ಅಂತರವನ್ನಾದರೂ ಇಡುತ್ತಾರೆ.

ಹೆದರಲೇಬೇಕಾದ ಕೆಲವು ಸಂಗತಿಗಳಿವೆ. ಚುಚ್ಚಿದ ಜಾಗ ಬಿಟ್ಟು ದೂರಕ್ಕೆ ಈ ಔಷಧದ ಪ್ರಭಾವ ಹರಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2009ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಸೇರಿಸಿತು. ಗಂಟಲಿಗೆ ಬಳಸುವಷ್ಟು ಸಣ್ಣ ಪ್ರಮಾಣದಲ್ಲಿ ಹಾಗಾಗುವುದು ಅಪರೂಪ. ಆದರೂ ಉಸಿರಾಟಕ್ಕೆ ಕಷ್ಟವಾದರೆ, ಉಸಿರೆಳೆಯುವಾಗ ಕೊರಕೊರ ಸದ್ದು ಬಂದರೆ, ಗಟ್ಟಿ ಆಹಾರವೂ ಇಳಿಯದಿದ್ದರೆ, ರೆಪ್ಪೆ ಜೋಲುಬಿದ್ದರೆ, ಉಂಡದ್ದು ತಪ್ಪು ದಾರಿ ಹಿಡಿದ ಬಳಿಕ ಜ್ವರ ಬಂದರೆ ನಾಳೆಗೆಂದು ಕಾಯಬಾರದು. ಮಯಸ್ತೇನಿಯಾ ಗ್ರೇವಿಸ್‌ನಂತಹ ಸ್ನಾಯು ದೌರ್ಬಲ್ಯದ ಕಾಯಿಲೆ ಇರುವವರು, ಗರ್ಭಿಣಿಯರು, ಮೊಲೆಯೂಡಿಸುವವರು ಮೊದಲೇ ಹೇಳಿಬಿಡಬೇಕು. ಜೆಂಟಾಮೈಸಿನ್, ಅಮಿಕಾಸಿನ್ ಮುಂತಾದ ಕೆಲವು ಆ್ಯಂಟಿಬಯೋಟಿಕ್‌ಗಳು ಈ ಔಷಧದ ಬಲವನ್ನು ಹೆಚ್ಚಿಸುತ್ತವೆ. ನನಗೆ ಒಮ್ಮೆ ಜ್ವರ ಬಂದಾಗ ಊರಿನ ವೈದ್ಯರು ಅಂತಹದೊಂದನ್ನು ಬರೆಯಲಿದ್ದರು. ನೋಟ್‌ಬುಕ್ ತೋರಿಸಿದೆ, ಬದಲಿಸಿದರು.

ನೋವಾದ ಒಂದು ವಿಷಯವನ್ನು ಹೇಳದಿದ್ದರೆ ಈ ಬರಹ ಅರ್ಧವಾದೀತು. ಮೊದಲ ಸಲ ಆಸ್ಪತ್ರೆಯಿಂದ ಹೊರಡುವಾಗ ಕೊಟ್ಟ ಚೀಟಿಯಲ್ಲಿ, ತೊಂದರೆಯಾದರೆ ಕರೆ ಮಾಡಿ ಎಂದು ದೂರವಾಣಿ ಸಂಖ್ಯೆ ಇತ್ತು. ಅಪ್ಪೆಹುಳಿಯ ಆ ಮಧ್ಯಾಹ್ನ ನಾನೇ ಕರೆ ಮಾಡಿದೆ. ಅತ್ತ ಕಡೆಯಿಂದ ಎರಡು ಸಲ “ಹಲೋ, ಹಲೋ” ಎಂದರು. ನನ್ನ ಗಾಳಿದನಿ ಕೇಳಿಸದೆ ಇಟ್ಟುಬಿಟ್ಟರು. ದನಿ ತಗ್ಗುವ ಔಷಧ ಕೊಟ್ಟು, ದನಿಯಿಂದಲೇ ತಲುಪಬೇಕಾದ ಸಂಖ್ಯೆಯನ್ನು ಕೊಡುವುದು ಕ್ರೂರತನವೆಂದು ನಾನು ಹೇಳುವುದಿಲ್ಲ, ಯಾರೂ ಯೋಚಿಸಿಲ್ಲ ಅಷ್ಟೇ. ಬೆಂಗಳೂರಿನವರಾದರೆ ಆಟೋ ಹತ್ತಿ ಹೋಗಿಬಿಡಬಹುದು. ಸುಸಜ್ಜಿತ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೂಗುತ್ತಲೇ ಇರುವ ಈ ಜಿಲ್ಲೆಯಲ್ಲಿ, ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಅದು ಒಂದು ರಾತ್ರಿಯ ಪ್ರಯಾಣ. ಸಂದೇಶ ಬರೆದು ಕಳುಹಿಸಬಹುದಾದ ಒಂದು ಸಂಖ್ಯೆ, ಕನ್ನಡದಲ್ಲಿ ಒಂದು ಪುಟ, ಅದರಲ್ಲಿ ಗಂಜಿ, ಮಜ್ಜಿಗೆ, ಎತ್ತಿ ಕುಡಿಯುವುದು ಎಂಬ ಪದಗಳು. ನಾನು ಕೇಳುತ್ತಿರುವುದು ಇಷ್ಟನ್ನೇ. ಈಗ ಹೋಗುವ ಕಡೆಯ ವೈದ್ಯರಿಗೆ ನನ್ನ ನೋಟ್‌ಬುಕ್ಕಿನ ಮೊದಲ ಎರಡು ವಾರದ ಪುಟಗಳನ್ನು ಪ್ರತಿ ಮಾಡಿಸಿ ಕೊಟ್ಟಿದ್ದೇನೆ. ಹೊಸಬರಿಗೆ ತೋರಿಸುತ್ತೇನೆ ಎಂದಿದ್ದಾರೆ.

ಇಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಅತ್ತೆಯವರನ್ನು ಕರೆಯುವಾಗ ಮೊದಲ ಅಕ್ಷರ ಕಚ್ಚಿಕೊಂಡಿತು. ಈ ಸುತ್ತಿನಲ್ಲಿ ಇದೇ ಮೊದಲು, ಇಂಜೆಕ್ಷನ್ ಆಗಿ ನೂರ ಎರಡನೆಯ ದಿನ. ನೋಟ್‌ಬುಕ್ಕಿನಲ್ಲಿ ಬರೆದೆ. ಮಧ್ಯಾಹ್ನ ಮಗ ಬುಧವಾರ ರಾತ್ರಿಯ ಬಸ್ಸಿಗೆ ಸೀಟು ಕಾದಿರಿಸಿದ. ಅತ್ತೆಯವರು ಯಾರೂ ಹೇಳದೆಯೇ ಗಂಜಿಯ ಅಕ್ಕಿಯನ್ನು ಡಬ್ಬದಿಂದ ತೆಗೆದು ಮೊರದಲ್ಲಿ ಕೇರುತ್ತಾ ಕುಳಿತಿದ್ದಾರೆ, ಬೆಳ್ಳಿಯ ಲೋಟ ತೊಳೆದು ಬಿಸಿಲಿಗೆ ಕವುಚಿಟ್ಟಿದ್ದಾರೆ. ಬುಧವಾರದವರೆಗೆ ಇನ್ನೂ ನಾಲ್ಕು ದಿನ ಇದೆ. ಅಷ್ಟರಲ್ಲಿ ಒಂದು ದಿನ ಅಪ್ಪೆಹುಳಿ ಮಾಡುತ್ತಾರಂತೆ.